ರೂಟ್ ಹೆಸರಿಗೆ ಬಂದ ಪತ್ರಗಳು

ಲಿನಕ್ಸ್‌ನಲ್ಲಿ ನಾನು ಮೊಟ್ಟಮೊದಲು ಮಾಡಿದ ಕೆಲಸ ಒಂದು ಫೈಲ್ ಕಾಪಿ ಮಾಡಿದ್ದು. ಲಿನಕ್ಸ್ ಅಂದರೆ ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ವ್ಯವಸ್ಥೆ; ಅದಕ್ಕೆ ನಾವು ಕಮಾಂಡ್ ಟೈಪ್ ಮಾಡಿ ಕೆಲಸ ಹೇಳುತ್ತಿದ್ದೆವು. ಸಿಪಿ ಅಂತ ಟೈಪ್ ಮಾಡಿದೆ, ಎರಡು ಹೆಸರು ಕೊಟ್ಟೆ, ಎಂಟರ್ ಒತ್ತಿದೆ. ಏನೂ ಬರಲಿಲ್ಲ. ಕರಿ ಪರದೆ, ಮಿಟುಕುವ ಕರ್ಸರ್, ಅಷ್ಟೇ. ಆಗಿಲ್ಲವೇನೋ ಅಂತ ಇನ್ನೊಂದು ಸಲ ಮಾಡಿದೆ. ಮತ್ತೂ ಒಂದು ಸಲ. ಹಿಂದೆ ನಿಂತು ನೋಡುತ್ತಿದ್ದ ಸೀನಿಯರ್, "ಲೇ ತಮ್ಮಾ, ಇನ್ನೆಷ್ಟು ಸಲ ಮಾಡ್ತೀಯ?" ಅಂದರು.

"ಏನೂ ಬರ್ತಿಲ್ಲ ಸರ್."

"ಬರ್ಲಿಲ್ಲ ಅಂದ್ರೆ ಆತು ಅಂತ. ಆಗದಿದ್ರೆ ಹೇಳ್ತಿತ್ತು."

ನಮ್ಮಪ್ಪ ಹಾಗೇ. ಸಾರು ಚೆನ್ನಾಗಿದ್ದರೆ ತಲೆ ಬಗ್ಗಿಸಿ ಉಂಡು ಎದ್ದು ಹೋಗುತ್ತಾರೆ. ಉಪ್ಪು ಜಾಸ್ತಿಯಾದರೆ ಮಾತ್ರ ಬಾಯಿ ಬಿಡುತ್ತಾರೆ. ಅಮ್ಮ ಮದುವೆಯಾದಾಗಿನಿಂದ ಈ ಮೌನವನ್ನೇ ಸರ್ಟಿಫಿಕೇಟ್ ಅಂತ ಓದಿಕೊಂಡು ಬಂದಿದ್ದಾಳೆ. ನನಗೆ ಮಾತ್ರ ಹೊಸದು. ವಿಂಡೋಸ್‌ನಲ್ಲಿ ಬೆಳೆದವನು ನಾನು. ಅಲ್ಲಿ ಏನು ಅಳಿಸಲು ಹೋದರೂ ಒಂದು ಪೆಟ್ಟಿಗೆ ಎದ್ದು ಬಂದು "ಖಂಡಿತಾನಾ?" ಅಂತ ಕೇಳುತ್ತಿತ್ತು.

ಅದು 2008. ದಾವಣಗೆರೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್. ನಾನು ಹೊಸದಾಗಿ ಸೇರಿದ ಅಸಿಸ್ಟೆಂಟ್. ಹುಡುಗರ ಕಂಪ್ಯೂಟರ್‌ಗಳನ್ನು ಆನ್ ಮಾಡುವುದು, ಮೌಸ್ ಕಳುವಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ ಅಂದುಕೊಂಡು ಬಂದಿದ್ದೆ. ಮೂಲೆಯ ಗಾಜಿನ ಕೋಣೆಯಲ್ಲಿ ಒಂದು ಸರ್ವರ್ ಇತ್ತು. ಅದಕ್ಕೆ ಮೌಸೇ ಇರಲಿಲ್ಲ.

ಸೀನಿಯರ್ ಮೊದಲ ವಾರ ಹತ್ತು ಕಮಾಂಡ್ ಹೇಳಿಕೊಟ್ಟರು. ನಾನು ಇನ್ನೂರು ಪುಟದ ನೋಟ್‌ಬುಕ್ ತಂದೆ. ಕೆಂಪು ಪೆನ್ನಿನಲ್ಲಿ ಕಮಾಂಡ್, ನೀಲಿ ಪೆನ್ನಿನಲ್ಲಿ ಅರ್ಥ. ಎಲ್‌ಎಸ್ ಅಂದರೆ ಪಟ್ಟಿ. ಸಿಡಿ ಅಂದರೆ ಜಾಗ ಬದಲಿಸು. ಎಂವಿ ಅಂದರೆ ಸರಿಸು. ಆರ್‌ಎಂ ಅಂದರೆ ಅಳಿಸು. ಮಗ್ಗಿ ಕಲಿತ ಹಾಗೆ ಬೆಳಿಗ್ಗೆ ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಎರಡು ತಿಂಗಳಲ್ಲಿ ನೂರೈವತ್ತು ಕಮಾಂಡ್ ಬಂದವು. ಕೆಲಸ ಒಂದೂ ಬರಲಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ನಾನು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮ. ಪರದೆಯ ಮೇಲೆ ಇಂಗ್ಲಿಷ್ ಸಾಲು ಬಂದರೆ ಕಣ್ಣು ತಾನಾಗಿಯೇ ಅದನ್ನು ದಾಟಿಕೊಂಡು ಮುಂದೆ ಹೋಗುತ್ತಿತ್ತು. ರಸ್ತೆ ಬದಿಯ ಹಿಂದಿ ಬೋರ್ಡು ದಾಟುವ ಹಾಗೆ. ಕಮಾಂಡ್‌ಗಳು ಚಿಕ್ಕವಾಗಿದ್ದರಿಂದ ಬಚಾವಾದೆ. ಎರಡಕ್ಷರ, ಮೂರಕ್ಷರ. ಇಷ್ಟು ಮೊಟಕು ಯಾಕೆ ಅಂತ ಕೇಳಿದಾಗ ಸೀನಿಯರ್ ಒಂದು ಕತೆ ಹೇಳಿದರು.

ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಪಿಡಿಪಿ-7 ಅನ್ನುವ ಯಂತ್ರದ ಮೇಲೆ ಕೆಲಸ ಶುರು ಮಾಡಿದರು. ಆಗಿನ ಕಾಲಕ್ಕೆ ಕಂಪ್ಯೂಟರ್ ಜೊತೆ ಮಾತಾಡಲು ಇದ್ದದ್ದು ಟೆಲಿಟೈಪ್. ಅಂದರೆ ಕಾಗದದ ಸುರುಳಿ ಹಾಕಿದ ದಪ್ಪ ಟೈಪ್‌ರೈಟರ್. ಒಂದೊಂದು ಕೀ ಒತ್ತಲೂ ಬೆರಳಿಗೆ ಬಲ ಬೇಕು, ಅಚ್ಚಾಗುವುದೂ ನಿಧಾನ. ಅಂಥದ್ದರ ಮುಂದೆ ಕೂತವರು ಉದ್ದುದ್ದ ಹೆಸರು ಯಾಕಿಡುತ್ತಾರೆ? ಮಾತು ಕಡಿಮೆ ಆಡುವ ಅಭ್ಯಾಸವೂ ಅಲ್ಲಿಂದಲೇ ಬಂದಿರಬೇಕು ಅನ್ನುವುದು ಅವರ ಲೆಕ್ಕ. "ಆಯಿತು" ಅಂತ ಪ್ರತಿ ಸಲ ಅಚ್ಚು ಹಾಕಿದರೆ ಹೊತ್ತೂ ದಂಡ, ಕಾಗದವೂ ದಂಡ. ಇವತ್ತಿಗೂ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆ, ಯಾವುದು ಅಂತ ಕೇಳಲು ಟಿಟಿವೈ ಅಂತ ಟೈಪ್ ಮಾಡುತ್ತೇವೆ. ಅದು ಟೆಲಿಟೈಪ್‌ನ ಮೊಟಕು ರೂಪ.

ಈ ಕತೆ ಕೇಳಿ ನನಗೆ ಏನೋ ಸಮಾಧಾನ ಆಯಿತು. ಗ್ರೆಪ್ ಅನ್ನುವ ಹೆಸರನ್ನೇ ನೋಡಿ. ಹಳೆಯ ಇಡಿ ಎಡಿಟರ್‌ನಲ್ಲಿ ಒಂದು ನಮೂನೆ ಇರುವ ಸಾಲುಗಳನ್ನೆಲ್ಲ ಹುಡುಕಿ ತೋರಿಸಲು ಜಿ, ನಡುವೆ ನಮೂನೆ, ಕೊನೆಗೆ ಪಿ ಅಂತ ಬರೆಯುತ್ತಿದ್ದರು. ಆ ನಮೂನೆಗೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಅನ್ನುತ್ತಾರೆ, ಅದರ ಆರ್ ಮತ್ತು ಇ ಸೇರಿ ಗ್ರೆಪ್ ಆಯಿತು. ಕಾನ್ವೆಂಟಿನಲ್ಲಿ ಓದಿದವನಿಗೂ ಅದು ಮೊದಲ ದಿನ ಅರ್ಥ ಆಗಲ್ಲ. ಈ ಊರಿಗೆ ನಾವೆಲ್ಲರೂ ಹೊಸಬರೇ.

ಆದರೆ ಎರರ್ ಮೆಸೇಜು ಮೊಟಕು ಇರಲಿಲ್ಲ. ಪೂರ್ತಿ ಇಂಗ್ಲಿಷ್ ವಾಕ್ಯ. ಅಲ್ಲಿ ನನ್ನ ಹಳೇ ರೋಗ ಮರುಕಳಿಸುತ್ತಿತ್ತು. "ಸರ್, ಏನೋ ಬರ್ತಿದೆ" ಅಂತ ಕೂಗುತ್ತಿದ್ದೆ. ಅವರು ಎದ್ದು ಬರುತ್ತಿರಲಿಲ್ಲ. ಕೂತಲ್ಲಿಂದಲೇ, "ಏನ್ ಬಂದೈತೆ ಓದು" ಅನ್ನುತ್ತಿದ್ದರು.

"ಎರರ್ ಸರ್."

"ಎರರ್ ಅಂತ ನಂಗೂ ಗೊತ್ತೈತೆ. ಓದಲೇ. ಗಟ್ಟಿಯಾಗಿ."

ಇಡೀ ಲ್ಯಾಬಿನ ಹುಡುಗರ ಮುಂದೆ ಒಂದೊಂದೇ ಪದ ಕೂಡಿಸಿಕೊಂಡು ಓದುತ್ತಿದ್ದೆ. ಕಮಾಂಡ್ ನಾಟ್ ಫೌಂಡ್. ನೋ ಸಚ್ ಫೈಲ್ ಆರ್ ಡೈರೆಕ್ಟರಿ. ಪರ್ಮಿಷನ್ ಡಿನೈಡ್. ನಾಚಿಕೆಯಿಂದ ಕಿವಿ ಕೆಂಪಾಗುತ್ತಿತ್ತು. ಆದರೆ ಅರ್ಧದಷ್ಟು ಸಲ ಓದಿ ಮುಗಿಸುವಷ್ಟರಲ್ಲಿ ಉತ್ತರ ಗೊತ್ತಾಗಿರುತ್ತಿತ್ತು. ಮೊದಲನೆಯದು, ಆ ಹೆಸರಿನ ಕೆಲಸದವನೇ ಇಲ್ಲ ಅಂತ. ಎರಡನೆಯದು, ಕೆಲಸದವನಿದ್ದಾನೆ, ನೀನು ಹೇಳಿದ ಸಾಮಾನು ಅಲ್ಲಿಲ್ಲ ಅಂತ. ಮೂರನೆಯದು, ಸಾಮಾನೂ ಇದೆ, ಮುಟ್ಟುವ ಹಕ್ಕು ನಿನಗಿಲ್ಲ ಅಂತ. ಮೂರಕ್ಕೂ ಮೂರು ದಾರಿ. ನಾನು ಮೂರಕ್ಕೂ "ಎರರ್" ಅಂತ ಒಂದೇ ಹೆಸರಿಟ್ಟು ಕೂತಿದ್ದೆ.

ಮೂರನೆಯದಕ್ಕೆ ನಾನೇ ಒಂದು ಔಷಧಿ ಕಂಡುಹಿಡಿದಿದ್ದೆ. ಎಲ್ಲದಕ್ಕೂ 777. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪ್ರತಿ ಫೈಲಿಗೂ ಮೂರು ಥರದ ಜನ: ಮಾಲೀಕ, ಅವನ ಗುಂಪು, ಉಳಿದ ಊರಿನವರು. ಓದಲು 4, ಬರೆಯಲು 2, ನಡೆಸಲು 1. ಕೂಡಿಸಿದರೆ 7. ಮೂರು ಜನಕ್ಕೂ 7 ಕೊಟ್ಟರೆ ಪರ್ಮಿಷನ್ ತಕರಾರು ಯಾವತ್ತೂ ಬರಲ್ಲ. ಕಾಲೇಜಿನ ವೆಬ್‌ಸೈಟಿನಲ್ಲಿ ಹುಡುಗರು ಫೈಲ್ ಅಪ್‌ಲೋಡ್ ಮಾಡುವ ಫೋಲ್ಡರಿಗೂ ಅದನ್ನೇ ಕೊಟ್ಟಿದ್ದೆ. ಸೀನಿಯರ್ ನೋಡಿದವರೇ ಅಂದರು: "ಬೀಗ ತೆಗೆಯಾಕೆ ಬರ್ಲಿಲ್ಲ ಅಂತ ಬಾಗಿಲನ್ನೇ ಕಿತ್ತು ಹೊರಗೆ ಇಟ್ಟೀಯಲ್ಲೋ." ಆಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ವೆಬ್ ಸರ್ವರ್ ಯಾವ ಹೆಸರಿನಲ್ಲಿ ಓಡುತ್ತಿದೆ ನೋಡು. ಫೋಲ್ಡರಿನ ಮಾಲೀಕ ಯಾರು ನೋಡು. ಆಮೇಲೆ ಯಾರಿಗೆ ಎಷ್ಟು ಬೇಕೋ ಅಷ್ಟೇ ಕೊಡು. ಫೋಲ್ಡರಿನ ಮಟ್ಟಿಗೆ "ನಡೆಸು" ಅಂದರೆ ಒಳಗೆ ಕಾಲಿಡುವ ಹಕ್ಕು ಅಂತ ಆವತ್ತೇ ಗೊತ್ತಾಗಿದ್ದು. ಅಲ್ಲಿಯವರೆಗೆ ಫೋಲ್ಡರನ್ನು ನಡೆಸುವುದು ಹೇಗೆ ಅಂತ ನನಗೊಂದು ಗುಪ್ತ ಅನುಮಾನ ಇತ್ತು. ಕೇಳಲು ನಾಚಿಕೆ.

ಇನ್ನು ಪೈಪ್. ಕಮಾಂಡ್ ಲೈನ್‌ನಲ್ಲಿ ನನಗೆ ನಿಜಕ್ಕೂ ಮೈ ಜುಂ ಅಂದ ಜಾಗ ಅದು.

ನಮ್ಮೂರಲ್ಲಿ ಬೆಣ್ಣೆ ದೋಸೆಗೆ ಸಿಕ್ಕ ಹೆಸರು ಮಂಡಕ್ಕಿಗೆ ಸಿಕ್ಕಿಲ್ಲ ಅನ್ನುವುದು ನನ್ನ ಹಳೇ ದೂರು. ಸಂಜೆಯಾದರೆ ಮಂಡಕ್ಕಿ, ಮಿರ್ಚಿ ತಿನ್ನದ ದಾವಣಗೆರೆಯವರು ಯಾರಿದ್ದಾರೆ? ನನ್ನ ಗೆಳೆಯನೊಬ್ಬನ ಮನೆಯವರದು ಮಂಡಕ್ಕಿ ಭಟ್ಟಿ. ಚಿಕ್ಕವನಿದ್ದಾಗ ರಜೆಯಲ್ಲಿ ಅಲ್ಲೇ ಬಿದ್ದಿರುತ್ತಿದ್ದೆ. ಭತ್ತ ನೆನೆಸುವವರು ಒಬ್ಬರು. ಹುರಿಯುವವರು ಇನ್ನೊಬ್ಬರು. ಹೊಟ್ಟು ತೆಗೆಯಲು ಮಿಲ್ಲು. ಆ ಅಕ್ಕಿಗೆ ಉಪ್ಪು ಹಿಡಿಸಿ ಕಾದ ಮರಳಿಗೆ ಹಾಕುವವರು ಮತ್ತೊಬ್ಬರು. ಅರೆ ಕ್ಷಣದಲ್ಲಿ ಬಿಳೀ ಹೂವು ಅರಳಿದ ಹಾಗೆ ಉಬ್ಬುತ್ತದೆ. ಜರಡಿ ಹಿಡಿದವರು ಮರಳು ಬೇರೆ, ಮಂಡಕ್ಕಿ ಬೇರೆ ಮಾಡುತ್ತಾರೆ. ಭತ್ತ ನೆನೆಸುವವರಿಗೆ ಜರಡಿ ಹಿಡಿಯುವುದು ಗೊತ್ತಿರಬೇಕಿಲ್ಲ. ತಮ್ಮ ಕೈಗೆ ಬಂದದ್ದನ್ನು ತಮ್ಮ ಕೆಲಸ ಮಾಡಿ ಮುಂದಿನವರಿಗೆ ಕೊಟ್ಟರೆ ಸಾಕು.

ಡಗ್ ಮೆಕ್‌ಇಲ್‌ರಾಯ್ ಅನ್ನುವವರು ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನೇ ವರ್ಷಗಟ್ಟಲೆ ಹೇಳುತ್ತಾ ಬಂದಿದ್ದರು. ಒಂದು ಪ್ರೋಗ್ರಾಮಿನಿಂದ ಹೊರಬಂದದ್ದು ಸೀದಾ ಇನ್ನೊಂದರ ಬಾಯಿಗೆ ಹೋಗಬೇಕು ಅಂತ. 1973ರಲ್ಲಿ ಕೆನ್ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಯುನಿಕ್ಸ್‌ಗೆ ಸೇರಿಸಿದರಂತೆ. ಒಂದು ಉದ್ದ ಗೆರೆ, ಅಷ್ಟೇ ಅದರ ಗುರುತು. ಪ್ರತಿ ಕೀಬೋರ್ಡಿನಲ್ಲೂ ಇದೆ. ನನ್ನ ಕೀಬೋರ್ಡಿನಲ್ಲಿ ಆ ಗೆರೆ ಯಾಕಿದೆ ಅಂತ ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ನನ್ನ ಮೊದಲ ಪೈಪ್ ಸಾಲು ಹುಟ್ಟಿದ್ದು ಭಯದಿಂದ. ಹೊರಗಿನಿಂದ ಯಾರೋ ನಮ್ಮ ಸರ್ವರಿಗೆ ದೂರದಿಂದ ಲಾಗಿನ್ ಆಗುವ ದಾರಿಯಾದ ಎಸ್‌ಎಸ್‌ಎಚ್ ಮೂಲಕ ನುಗ್ಗಲು ನೋಡುತ್ತಿದ್ದರು. ನಡೆದದ್ದನ್ನೆಲ್ಲ ಸರ್ವರ್ ಬರೆದಿಡುವ ಲಾಗ್ ಫೈಲು ತೆಗೆದರೆ ಪಾಸ್‌ವರ್ಡ್ ತಪ್ಪಾಗಿದೆ ಅನ್ನುವ ಸಾಲುಗಳು ಸಾವಿರಗಟ್ಟಲೆ. ಯಾವ ವಿಳಾಸದಿಂದ ಎಷ್ಟು ಸಲ ಬಾಗಿಲು ಬಡಿದಿದ್ದಾರೆ? ಗ್ರೆಪ್‌ನಿಂದ ಆ ಸಾಲುಗಳನ್ನು ಸೋಸಿದೆ. ಆಕ್‌ನಿಂದ ಐಪಿ ವಿಳಾಸ ಇರುವ ಹನ್ನೊಂದನೇ ಪದ ಮಾತ್ರ ಕಿತ್ತುಕೊಂಡೆ. ಯುನಿಕ್‌ಗೆ ಎಣಿಸಲು ಹೇಳಿದೆ. ಬಂದ ಲೆಕ್ಕ ಅಡ್ಡಾದಿಡ್ಡಿ. ಒಂದೇ ವಿಳಾಸ ಹತ್ತು ಕಡೆ. ಯಾಕೆ ಅಂದರೆ ಯುನಿಕ್‌ಗೆ ಪಕ್ಕದ ಮನೆ ಬಿಟ್ಟು ಆಚೆ ಕಣ್ಣು ಕಾಣಲ್ಲ. ಒಂದರ ಕೆಳಗೊಂದು ಇದ್ದರೆ ಮಾತ್ರ ಒಂದೇ ಅಂತ ಗುರುತಿಸುತ್ತದೆ. ಹಾಗಾಗಿ ಅದಕ್ಕೆ ಮೊದಲು ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಬೇಕು. ಎಣಿಸಿದ ಮೇಲೆ ದೊಡ್ಡದು ಕೊನೆಗೆ ಬರಲು ಇನ್ನೊಂದು ಸಾರ್ಟ್. ಅದಕ್ಕೂ ಇವು ಸಂಖ್ಯೆಗಳು ಅಂತ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ 100 ಅನ್ನುವುದು 9ಕ್ಕಿಂತ ಮುಂಚೆ ಬಂದು ಕೂರುವ ಸಂಭವ ಉಂಟು, ಅಕ್ಷರ ನೋಡಿ ಜೋಡಿಸುತ್ತದೆ.

ಇಷ್ಟಾದರೂ ಪಟ್ಟಿಯಲ್ಲಿ ಐಪಿ ಜೊತೆಗೆ ಅಡ್ಮಿನ್, ಟೆಸ್ಟ್, ಒರಾಕಲ್ ಅಂತ ಪದಗಳು. ಅರ್ಧ ದಿನ ತಲೆ ಕೆರೆದುಕೊಂಡೆ. ಕೊನೆಗೆ ಮಾಮೂಲಿ ಪ್ರಶ್ನೆ ಬಂತು: "ಮೂಲ ಸಾಲು ಓದಿದೆಯಾ?" ಓದಿರಲಿಲ್ಲ. ಮೊದಲ ಸಾಲು ನೋಡಿ ಪದ ಎಣಿಸಿ, ಎಲ್ಲ ಸಾಲೂ ಹೀಗೇ ಅಂದುಕೊಂಡಿದ್ದೆ. ಸರ್ವರಿನಲ್ಲಿ ಇಲ್ಲದ ಹೆಸರಿನಿಂದ ಬಡಿದರೆ ಲಾಗ್‌ನಲ್ಲಿ "ಇನ್‌ವ್ಯಾಲಿಡ್ ಯೂಸರ್" ಅಂತ ಎರಡು ಪದ ಜಾಸ್ತಿ ಸೇರುತ್ತದೆ. ಐಪಿ ಎರಡು ಹೆಜ್ಜೆ ಮುಂದೆ ಸರಿಯುತ್ತದೆ. ಹನ್ನೊಂದನೇ ಜಾಗದಲ್ಲಿ ಕಳ್ಳ ಹೇಳಿಕೊಂಡ ಹೆಸರು ಬಂದು ಕೂರುತ್ತದೆ. ಸೀನಿಯರ್ ಹೇಳಿದ್ದು, ಮುಂದಿನಿಂದ ಎಣಿಸಬೇಡ, ಹಿಂದಿನಿಂದ ಎಣಿಸು ಅಂತ. ಕೊನೆಯಿಂದ ನಾಲ್ಕನೆಯದು. ಎರಡೂ ಥರದ ಸಾಲಿಗೂ ಸರಿಹೋಯಿತು.

ಇಷ್ಟೆಲ್ಲ ಕಲಿತ ಮೇಲೆ ಸಹಜವಾಗಿಯೇ ಸೊಕ್ಕು ಬಂತು. ಈಗ ಹೇಳಲು ಹೊರಟಿರುವುದು ಆ ಸೊಕ್ಕಿನ ದಿನಗಳದ್ದು.

ಪ್ರಾಜೆಕ್ಟ್ ಫೋಲ್ಡರಿನಲ್ಲಿ ಎಲ್ಲ ಬ್ಯಾಚಿನ ಹುಡುಗರ ಕೆಲಸ ಇರುತ್ತಿತ್ತು. ಪಾಸಾಗಿ ಹೋದವರ ಹಳೇ ಬ್ಯಾಚಿನದ್ದನ್ನು ತೆಗೆದುಬಿಡು ಅಂದರು. ಆರ್‌ಎಂ ಅಂತ ಬರೆದೆ. ಒಳಗಿರುವುದೆಲ್ಲ ಹೋಗಲಿ, ಏನೂ ಕೇಳಬೇಡ ಅನ್ನುವುದಕ್ಕೆ ಮೈನಸ್ ಆರ್‌ಎಫ್ ಸೇರಿಸಿದೆ. ಹಳೇ ಬ್ಯಾಚುಗಳ ಹೆಸರೆಲ್ಲ ಒಂದೇ ಥರ ಶುರುವಾಗುತ್ತಿದ್ದವು. ಅದಕ್ಕೆ ಆ ಮೊದಲ ಭಾಗ ಬರೆದು ಪಕ್ಕಕ್ಕೆ ನಕ್ಷತ್ರ ಹಾಕಬೇಕಿತ್ತು. ಹಾಕಿದೆ. ನಡುವೆ ಒಂದು ಸ್ಪೇಸ್ ಬಿದ್ದಿತ್ತು.

ಒಂದೇ ಒಂದು ಸ್ಪೇಸ್. ಅದರಿಂದ ಅರ್ಥ ಪೂರ್ತಿ ಬದಲಾಯಿತು. "ಈ ಹೆಸರಿಂದ ಶುರುವಾಗುವುದೆಲ್ಲ" ಅನ್ನುವುದು ಹೋಗಿ "ಈ ಹೆಸರಿನದು, ಆಮೇಲೆ ಇಲ್ಲಿರುವುದೆಲ್ಲ" ಅಂತಾಯಿತು. ನಕ್ಷತ್ರವನ್ನು ಬಿಡಿಸುವುದು ಆರ್‌ಎಂ ಅಲ್ಲ, ಶೆಲ್, ಅಂದರೆ ನಾವು ಟೈಪ್ ಮಾಡಿದ್ದನ್ನು ಓದಿ ಕಮಾಂಡ್ ನಡೆಸುವ ಪ್ರೋಗ್ರಾಮು. ಶೆಲ್ ಮೊದಲೇ ಆ ಜಾಗದಲ್ಲಿರುವ ಹೆಸರುಗಳನ್ನೆಲ್ಲ ಬಿಡಿಸಿ ಪಟ್ಟಿ ಮಾಡಿ ಆರ್‌ಎಂ ಕೈಗೆ ಕೊಡುತ್ತದೆ. ಪಾಪ ಆರ್‌ಎಂಗೆ ನಕ್ಷತ್ರ ಇತ್ತು ಅನ್ನುವುದೇ ಗೊತ್ತಿಲ್ಲ. ಅದಕ್ಕೇ ಅಳಿಸುವ ಮುಂಚೆ ಅದೇ ಸಾಲನ್ನು ಆರ್‌ಎಂ ಬದಲು ಎಲ್‌ಎಸ್ ಅಥವಾ ಕೊಟ್ಟದ್ದನ್ನು ಹಾಗೇ ತೋರಿಸುವ ಎಕೋ ಹಾಕಿ ನೋಡಬೇಕು. ಏನೇನು ಬಲೆಗೆ ಬೀಳುತ್ತದೆ ಅಂತ ಕಣ್ಣೆದುರು ಬರುತ್ತದೆ. ಇದು ಈಗ ಗೊತ್ತು.

ಎಂಟರ್ ಒತ್ತಿದೆ. ಏನೂ ಬರಲಿಲ್ಲ. ಏನೂ ಬರದಿದ್ದರೆ ಆಯಿತು ಅಂತ ಅರ್ಥ, ಅಲ್ವಾ?

ಆ ವರ್ಷದ ಫೈನಲ್ ಇಯರ್ ಹುಡುಗರ ಪ್ರಾಜೆಕ್ಟುಗಳು ಹೋದವು. ಕೈಕಾಲು ತಣ್ಣಗಾಯಿತು. ಸೀನಿಯರ್ ಬೈಯಲಿಲ್ಲ. "ಬ್ಯಾಕಪ್ ಐತಲ್ಲ, ತಗಿ" ಅಂದರು.

ಬ್ಯಾಕಪ್ ಹಾಕಿದ್ದು ನಾನೇ. ಮೂರು ತಿಂಗಳ ಹಿಂದೆ ಕ್ರಾನ್ ಕಲಿತ ಹುರುಪಿನಲ್ಲಿ ಹಾಕಿದ್ದು. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡುವುದು ಕ್ರಾನ್. ಐದು ಮನೆ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರದ ದಿನ. ಆಮೇಲೆ ಕಮಾಂಡ್. ಪ್ರತಿ ರಾತ್ರಿ ಎರಡು ಗಂಟೆಗೆ ಟಾರ್ ಮಾಡಿ, ಅಂದರೆ ಎಲ್ಲ ಫೈಲನ್ನೂ ಒಂದೇ ಕಟ್ಟಾಗಿ ಕಟ್ಟಿ, ಫೈಲಿನ ಹೆಸರಿಗೆ ಆ ದಿನದ ತಾರೀಕು ಸೇರಿಸಿ ಇಡು ಅಂತ ಬರೆದಿದ್ದೆ. ಬರೆಯುವ ಮುಂಚೆ ಅದೇ ಸಾಲನ್ನು ಕೈಯಾರೆ ಟೈಪ್ ಮಾಡಿ ನೋಡಿದ್ದೆ. ಸರಿಯಾಗಿ ನಡೆದಿತ್ತು. ಬ್ಯಾಕಪ್ ಫೋಲ್ಡರ್ ತೆಗೆದೆ. ಒಂದೇ ಒಂದು ಫೈಲು ಇತ್ತು. ಆವತ್ತು ಕೈಯಾರೆ ಮಾಡಿದ್ದು.

ತಾರೀಕು ಬರೆಸಲು ಬ್ರಾಕೆಟ್ ಒಳಗೆ ಶೇಕಡಾ ಚಿಹ್ನೆ ಬೇಕು. ಕೈಯಾರೆ ಟೈಪ್ ಮಾಡಿದರೆ ಅದು ಬರೀ ಶೇಕಡಾ ಚಿಹ್ನೆ. ಕ್ರಾನ್ ಪಟ್ಟಿಯ ಒಳಗೆ ಮಾತ್ರ ಅದಕ್ಕೆ ಬೇರೆಯೇ ಅರ್ಥ: ಇಲ್ಲಿಗೆ ಸಾಲು ಮುಗಿಯಿತು ಅಂತ. ಅದಕ್ಕಿಂತ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್, ಅಂದರೆ ಹಿಂದಕ್ಕೆ ವಾಲಿದ ಓರೆ ಗೆರೆ, ಹಾಕಿ ಕಾಪಾಡದಿದ್ದರೆ, ಕಮಾಂಡ್ ಅಲ್ಲಿಗೇ ತುಂಡಾಗುತ್ತದೆ. ನನ್ನ ಸಾಲು ಪ್ರತಿ ರಾತ್ರಿ ಅರ್ಧಕ್ಕೆ ತುಂಡಾಗಿ, ತೆರೆದ ಬ್ರಾಕೆಟ್ ಮುಚ್ಚಿಲ್ಲ ಅಂತ ಶೆಲ್ ಬೈದು, ಅಲ್ಲಿಗೇ ನಿಲ್ಲುತ್ತಿತ್ತು.

ಬೈದದ್ದು ಎಲ್ಲಿಗೆ ಹೋಯಿತು? ಸೀನಿಯರ್ ಏನೂ ಮಾತಾಡದೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಮೇಲ್ ಅಂತ ಟೈಪ್ ಮಾಡಿದರು. ಯಂತ್ರದ ಒಳಗೇ ಒಂದು ಅಂಚೆ ವ್ಯವಸ್ಥೆ ಇರುತ್ತದೆ. ಕ್ರಾನ್ ನಡೆಸಿದ ಕೆಲಸ ಏನಾದರೂ ಮಾತಾಡಿದರೆ, ಅದನ್ನು ಆ ಕೆಲಸದ ಮಾಲೀಕನಿಗೆ ಪತ್ರ ಬರೆದು ಹಾಕುತ್ತದೆ. ಮಾಲೀಕ ರೂಟ್, ಯಂತ್ರದ ಮೇಲೆ ಪೂರ್ತಿ ಅಧಿಕಾರ ಇರುವ ಖಾತೆ. ಅಂದರೆ ನಾವೇ. ಪೆಟ್ಟಿಗೆಯಲ್ಲಿ ತೊಂಬತ್ತಕ್ಕೂ ಹೆಚ್ಚು ಪತ್ರ. ಎಲ್ಲದರಲ್ಲೂ ಅದೇ ಎರಡು ಸಾಲು. ಪ್ರತಿ ರಾತ್ರಿ ಎರಡಕ್ಕೆ, ಊರೆಲ್ಲ ಮಲಗಿದ್ದಾಗ, ಆ ಗಾಜಿನ ಕೋಣೆಯಲ್ಲಿ ಕೂತು ಯಂತ್ರ ನನಗೆ ಪತ್ರ ಬರೆದಿದೆ. ನಿನ್ನ ಬ್ಯಾಕಪ್ ಆಗಿಲ್ಲ. ನಿನ್ನ ಬ್ಯಾಕಪ್ ಆಗಿಲ್ಲ. ನಿನ್ನ ಬ್ಯಾಕಪ್ ಆಗಿಲ್ಲ.

ಲಾಗಿನ್ ಆದಾಗೆಲ್ಲ "ಯು ಹ್ಯಾವ್ ಮೇಲ್" ಅಂತ ಬರುತ್ತಿತ್ತು. ಮೂರು ತಿಂಗಳಿಂದ ನೋಡಿದ್ದೆ. ಗೋಡೆ ಮೇಲಿನ ಸುಸ್ವಾಗತ ಬೋರ್ಡು ಅಂತ ತಿಳಿದಿದ್ದೆ.

"ಒಂದೊಂದೇ ತೆಗೆದು ಓದು" ಅಂದರು. ಎಲ್ಲ ಒಂದೇ ಅಲ್ವಾ ಸರ್ ಅನ್ನಲು ಬಾಯಿ ಬರಲಿಲ್ಲ. ಓದಿದೆ. ಅವರು ಪಕ್ಕದಲ್ಲೇ ಕೂತಿದ್ದರು. ಎಲ್ಲ ಮುಗಿದ ಮೇಲೆ ಇಬ್ಬರೂ ಹೊರಗೆ ಹೋಗಿ ಚಹಾ ಕುಡಿದೆವು. ಮುಂದಿನ ವಾರವೆಲ್ಲ ಹುಡುಗರ ಪೆನ್‌ಡ್ರೈವ್, ಅವರ ಮನೆಯ ಕಂಪ್ಯೂಟರ್, ಸೈಬರ್ ಕೆಫೆಯಲ್ಲಿ ಉಳಿದಿದ್ದ ಕಾಪಿ ಅಂತ ಹುಡುಕಿಕೊಂಡು ಓಡಾಡಿದೆ. ಬಹುಪಾಲು ಸಿಕ್ಕವು. ಒಂದು ತಂಡದ್ದು ಸಿಗಲೇ ಇಲ್ಲ. ಆ ಮೂವರು ಮತ್ತೆ ಮೊದಲಿಂದ ಮಾಡಿದರು. ಅವರಲ್ಲೊಬ್ಬ ಈಗಲೂ ರಾಂ ಅಂಡ್ ಕೋ ಸರ್ಕಲ್ ಹತ್ತಿರ ಎದುರಾದರೆ ನಗುತ್ತಾನೆ. ನಾನು ನಗಲು ಸ್ವಲ್ಪ ತಡವಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಕಮಾಂಡ್ ಬರೆಯುವುದನ್ನು ಅಲ್ಲಿಗೆ ಬಿಟ್ಟೆ. ಮ್ಯಾನ್ ಪುಟಗಳನ್ನು ಓದಲು ಶುರು ಮಾಡಿದೆ. ಮ್ಯಾನ್ ಅಂದರೆ ಮ್ಯಾನ್ಯುಯಲ್. ಯಾವ ಕಮಾಂಡಿನ ಹೆಸರನ್ನಾದರೂ ಅದರ ಮುಂದೆ ಬರೆದರೆ ಪೂರ್ತಿ ವಿವರ ಬರುತ್ತದೆ. ಶೇಕಡಾ ಚಿಹ್ನೆಯ ವಿಷಯವೂ ಕ್ರಾನ್‌ಟ್ಯಾಬ್‌ನ, ಅಂದರೆ ಆ ಕ್ರಾನ್ ಪಟ್ಟಿಯ, ಮ್ಯಾನ್ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಒಂದು ಎಚ್ಚರಿಕೆ ಮಾತ್ರ: ಕ್ರಾನ್‌ಟ್ಯಾಬ್‌ಗೆ ಎರಡು ಪುಟ ಇವೆ. ಕಮಾಂಡಿನದು ಒಂದನೇ ಭಾಗದಲ್ಲಿ, ಫೈಲಿನ ರೂಪದ್ದು ಐದನೇ ಭಾಗದಲ್ಲಿ. ಸುಮ್ನೆ ಕೇಳಿದರೆ ಒಂದನೆಯದು ಬರುತ್ತದೆ, ಬೇಕಾದದ್ದು ಐದರಲ್ಲಿರುತ್ತದೆ. ಮ್ಯಾನ್ ಪುಟಗಳು ಓದಲು ಹಿತವೇನಲ್ಲ. ಟಾರ್‌ನ ಪುಟವನ್ನು ಇವತ್ತಿಗೂ ಪೂರ್ತಿ ಓದಿ ಮುಗಿಸಿಲ್ಲ ನಾನು.

ಕಾಲೇಜು ಬಿಟ್ಟು ಬೆಂಗಳೂರಿನ ಕಂಪನಿ ಸೇರಿದೆ. 2020ರ ಲಾಕ್‌ಡೌನ್ ನನ್ನನ್ನು ವಾಪಸ್ ದಾವಣಗೆರೆಗೆ ತಂದು ಬಿಟ್ಟಿತು. ವಿದ್ಯಾನಗರದ ಮನೆಯ ಮಹಡಿ ಕೋಣೆಯಲ್ಲಿ ಕೂತು ಕೆಲಸ. ಒಂದು ರಾತ್ರಿ ಒಂದು ಸರ್ವರಿನ ಡಿಸ್ಕ್ ತುಂಬಿ ನಿಂತಿತು. ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ನೂರಕ್ಕೆ ನೂರು ಅನ್ನುತ್ತಿದೆ. ದೊಡ್ಡ ಲಾಗ್ ಫೈಲೊಂದು ಕಂಡಿತು, ಅಳಿಸಿದೆ. ಡಿಎಫ್ ಕೇಳಿದೆ. ಈಗಲೂ ನೂರಕ್ಕೆ ನೂರು. ಫೋಲ್ಡರ್ ಫೋಲ್ಡರ್ ಲೆಕ್ಕ ಹಾಕುವ ಡಿಯು ಕೇಳಿದರೆ, ಇಲ್ಲ, ಬೇಕಾದಷ್ಟು ಜಾಗ ಇದೆ ಅನ್ನುತ್ತಿದೆ. ಇಬ್ಬರು ಸಾಕ್ಷಿ, ಎರಡು ಮಾತು.

ಹಿಂದಿನ ನಾನಾಗಿದ್ದರೆ ಸರ್ವರ್ ರೀಸ್ಟಾರ್ಟ್ ಮಾಡಿ ಮಲಗುತ್ತಿದ್ದೆ. ಅದರಿಂದ ಸರಿಯೂ ಹೋಗುತ್ತಿತ್ತು, ಯಾಕೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ. ಡಿಯು ನೋಡುವುದು ಹೆಸರುಗಳನ್ನು. ಡಿಎಫ್ ಕೇಳುವುದು ಡಿಸ್ಕಿನ ಜಾಗದ ಲೆಕ್ಕ ಇಡುವ ಫೈಲ್ ಸಿಸ್ಟಮ್ಮನ್ನು, ಎಷ್ಟು ಜಾಗ ಕೊಟ್ಟಿದ್ದೀಯ ಅಂತ. ಲಿನಕ್ಸ್‌ನಲ್ಲಿ ಫೈಲಿನ ಹೆಸರು ಬೇರೆ, ಫೈಲು ಬೇರೆ. ಹೆಸರು ಬರೀ ವಿಳಾಸದ ಚೀಟಿ. ಆರ್‌ಎಂ ಹರಿಯುವುದು ಆ ಚೀಟಿಯನ್ನು. ಯಾವುದೋ ಪ್ರೋಗ್ರಾಮು ಆ ಫೈಲನ್ನು ಇನ್ನೂ ತೆರೆದು ಹಿಡಿದಿದ್ದರೆ, ಅದು ಕೈ ಬಿಡುವವರೆಗೂ ಜಾಗ ಖಾಲಿಯಾಗಲ್ಲ. ಯಾರು ಯಾವ ಫೈಲು ತೆರೆದಿದ್ದಾರೆ ಅಂತ ಹೇಳುವ ಎಲ್‌ಎಸ್‌ಓಎಫ್ ಕೇಳಿದರೆ ತೋರಿಸಿತು: ಫೈಲಿನ ಹೆಸರು, ಪಕ್ಕದಲ್ಲಿ "ಡಿಲೀಟೆಡ್", ಹಿಡಿದುಕೊಂಡವರ ಹೆಸರು. ಆ ಒಂದು ಸರ್ವೀಸನ್ನು ಮಾತ್ರ ರೀಸ್ಟಾರ್ಟ್ ಮಾಡಿದೆ. ಜಾಗ ಬಂತು. ಓಡುತ್ತಿರುವ ಪ್ರೋಗ್ರಾಮಿನ ಲಾಗ್ ಅಳಿಸಬಾರದು, ಅದರ ಹೊಟ್ಟೆ ಖಾಲಿ ಮಾಡಿ ಹೆಸರು ಹಾಗೇ ಬಿಡಬೇಕು.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಪ್ಪನಿಗೆ ಹೇಳಿದೆ. ಅಪ್ಪ ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಮೊದಲು ಮಂಡಿಪೇಟೆ, ಆಮೇಲೆ ಎಪಿಎಂಸಿ ಯಾರ್ಡು. ಮೆಕ್ಕೆಜೋಳದ ಸೀಜನ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುತ್ತಿದ್ದರು. ನಾನು ಚೀಟಿ, ಹೆಸರು, ಕೈಯಲ್ಲಿ ಹಿಡಿದುಕೊಂಡದ್ದು ಅಂತ ಹೇಳುತ್ತಿದ್ದ ಹಾಗೇ ಅವರು ತಲೆ ಆಡಿಸಿದರು.

"ನಮ್ಮಲ್ಲೂ ಹಂಗೇ ಆಗ್ತಿತ್ತು. ಕಿರ್ದಿ ಪ್ರಕಾರ ದುಡ್ಡು ಇರಬೇಕು. ಪೆಟ್ಟಿಗೇಲಿ ಇಲ್ಲ. ಸಾಹುಕಾರ್ರೇ ಯಾರಿಗೋ ಕೈಸಾಲ ಕೊಟ್ಟು ಚೀಟಿ ಹರಿದು ಒಗೆದಿರೋರು. ದುಡ್ಡು ಅವನ ಜೇಬಲ್ಲಿ ಇರೋದು."

"ಹೆಂಗೆ ಕಂಡುಹಿಡೀತಿದ್ರಿ ಅಪ್ಪಾ?"

"ಹಿಂದಿನ ಪುಟದಿಂದ ಓದ್ಕೊಂಡು ಬರೋದು. ಇನ್ನೇನು ಮಾಡಾಕಾಗುತ್ತೆ?"

ಕಮಾಂಡ್ ಲೈನ್ ಮತ್ತು ಕನ್ನಡದ ಬಗ್ಗೆಯೂ ಒಂದು ಮಾತು, ಸುಮ್ನೆ ಕುತೂಹಲಕ್ಕೆ. ಅಕ್ಷರ ಎಣಿಸುವ ಡಬ್ಲ್ಯೂಸಿಗೆ ದಾವಣಗೆರೆ ಅಂತ ಕನ್ನಡದಲ್ಲಿ ಬರೆದು ಕೊಟ್ಟೆ. ನಮ್ಮ ಪ್ರಕಾರ ಐದು ಅಕ್ಷರ. ಅದು ಎಂಟು ಅಂದಿತು. ದಾ, ಗೆ, ರೆ ಮೂರರಲ್ಲೂ ಕಾಗುಣಿತದ ಗುರುತನ್ನು ಬೇರೆ ಅಕ್ಷರ ಅಂತ ಎಣಿಸುತ್ತದೆ. ಬೈಟ್ ಕೇಳಿದರೆ 24. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಗುರುತಿಗೆ ಮೂರು ಬೈಟ್. ಮೂರು ಉತ್ತರವೂ ಸರಿ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ ಕೊಡುವುದರಿಂದ ನಮ್ಮ ಒತ್ತಕ್ಷರಗಳು ಎಷ್ಟೋ ಸಲ ಒಂದರ ಮೇಲೊಂದು ಬಿದ್ದು ಕೂರುತ್ತವೆ. ಟೆಲಿಟೈಪ್ ಮಾಡಿದವರಿಗೆ ನಮ್ಮ ಒತ್ತು, ದೀರ್ಘ ಎಲ್ಲಿ ಗೊತ್ತಿತ್ತು.

ಈಗ ಭಾನುವಾರ ನಾಲ್ಕೈದು ಹುಡುಗ ಹುಡುಗಿಯರು ಮನೆಗೆ ಬರುತ್ತಾರೆ, ಕಲಿಯಲು. ಹೆಚ್ಚಿನವರು ಸುತ್ತಲಿನ ಹಳ್ಳಿಯವರು. ನೋಟ್‌ಬುಕ್ ಯಾರೂ ತರಲ್ಲ. ಬೇಕಾದ ಕಮಾಂಡನ್ನು ಫೋನಿನ ಚಾಟ್ ಯಂತ್ರವೇ ಬರೆದು ಕೊಡುತ್ತದೆ. ಒಳ್ಳೆಯದೇ. ನಾನೂ ಕೇಳುತ್ತೇನೆ, ಆಕ್‌ನ ಬ್ರಾಕೆಟ್ ಲೆಕ್ಕ ನನಗೆ ಇವತ್ತಿಗೂ ತಪ್ಪುತ್ತದೆ. ತಕರಾರು ಅದಲ್ಲ. ಅಂಟಿಸುತ್ತಾರೆ, ಎಂಟರ್ ಒತ್ತುತ್ತಾರೆ, ಬಂದ ಎರರನ್ನು ಓದದೆ ಹಾಗೇ ಎತ್ತಿ ಫೋನಿಗೆ ವಾಪಸ್ ಹಾಕುತ್ತಾರೆ. ನಡುವೆ ಕೂತವರು ಪೋಸ್ಟ್‌ಮ್ಯಾನ್. ಪೋಸ್ಟ್‌ಮ್ಯಾನ್ ಪತ್ರ ಓದಲ್ಲ.

ಅವರಲ್ಲಿ ಒಬ್ಬಳು, ಹರಿಹರದ ಕಡೆಯವಳು, ಹೋದ ತಿಂಗಳು "ಅಣ್ಣಾ, ಏನೋ ಬರ್ತಿದೆ" ಅಂದಳು. ನಾನು ಕೂತಲ್ಲಿಂದ ಏಳಲಿಲ್ಲ. ನನ್ನ ಬಾಯಲ್ಲಿ ಬಂದದ್ದು ನನ್ನ ದನಿ ಆಗಿರಲಿಲ್ಲ. ಅವಳು ಮುಖ ಸಣ್ಣಗೆ ಮಾಡಿಕೊಂಡು, ಒಂದೊಂದೇ ಪದ ಕೂಡಿಸಿಕೊಂಡು, ಗಟ್ಟಿಯಾಗಿ ಓದಿದಳು. ಅರ್ಧಕ್ಕೆ ನಿಲ್ಲಿಸಿ "ಓ" ಅಂದಳು.

ಆ ಹಳೇ ಸರ್ವರನ್ನು ಕಳೆದ ವರ್ಷ ಕಾಲೇಜಿನವರು ತೆಗೆದುಹಾಕಿದರು. ಡಿಸ್ಕ್ ಎರಡು ಸಲ ಬದಲಾಗಿತ್ತು, ಒಳಗಿನ ವ್ಯವಸ್ಥೆ ಹಾಗೇ ಇತ್ತು. ಸೀನಿಯರ್ ರಿಟೈರ್ ಆಗಿ ತುಂಬಾ ದಿನ ಆಗಿದೆ. ಹೊಸಬರಿಗೆ ಅದನ್ನು ಮುಟ್ಟಲು ಧೈರ್ಯ ಇರಲಿಲ್ಲ, ಒಂದು ಸಲ ಬಂದು ಹೋಗಿ ಅಂದರು. ಹೋದೆ. ಲಾಗಿನ್ ಆದೆ. ಯು ಹ್ಯಾವ್ ಮೇಲ್.

ಬ್ಯಾಕಪ್ ಸಾಲನ್ನು ಸರಿ ಮಾಡಿದ ಮೇಲೂ ಪತ್ರ ಬರುವುದು ನಿಂತಿರಲಿಲ್ಲ. ಟಾರ್ ಪ್ರತಿ ಸಲ ಒಂದು ಸಾಲು ಹೇಳುತ್ತದೆ: ಫೈಲ್ ಹೆಸರುಗಳ ಮುಂದಿನ ಓರೆ ಗೆರೆ ತೆಗೆದಿದ್ದೇನೆ ಅಂತ. ಅಪಾಯದ್ದಲ್ಲ. ಅದನ್ನು ಬಾಯಿ ಮುಚ್ಚಿಸಿ ಕಸಕ್ಕೆ ಕಳಿಸುವುದು ನಾಲ್ಕು ಪದದ ಕೆಲಸ, ಮಾಡಲಾ ಅಂತ ಆಗಲೇ ಕೇಳಿದ್ದೆ. ಬೇಡ ಅಂದಿದ್ದರು ಸೀನಿಯರ್. "ಬರ್ಲಿ ಬಿಡು. ಒಂದಿನ ಬರ್ಲಿಲ್ಲ ಅಂದ್ರೆ ಗೊತ್ತಾಗುತ್ತೆ."

ಪೆಟ್ಟಿಗೆಯಲ್ಲಿ ಸಾವಿರಗಟ್ಟಲೆ ಪತ್ರ. ಕೊನೆಯದನ್ನು ತೆಗೆದೆ. ಹಿಂದಿನ ರಾತ್ರಿ ಎರಡು ಗಂಟೆಯದು. ಅದೇ ಸಾಲು. ಗಟ್ಟಿಯಾಗಿ ಓದಿದೆ, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಮೇಲೆ ಶಟ್‌ಡೌನ್ ಅಂತ ಟೈಪ್ ಮಾಡಿದೆ.